ಹಚ್ಚುವ ಮೊದಲು

ರಾಯದುರ್ಗದಲ್ಲಿ ನಾನು ಹೊಲಿಗೆಗೆ ಹೋಗುವ ಜೀನ್ಸ್ ಘಟಕದ ಹಿಂದೆಯೇ ನಮ್ಮ ವಠಾರ. ಕಳೆದ ವರ್ಷ ಪಕ್ಕದ ಕೋಣೆಗೆ ಮಣಿಪುರದಿಂದ ಒಂದು ಕುಟುಂಬ ಬಂತು. ಗಲಭೆಯಲ್ಲಿ ಮನೆ ಸುಟ್ಟುಹೋಗಿ, ಶಿಬಿರದಲ್ಲಿದ್ದು, ಕೊನೆಗೆ ಕೆಲಸ ಹುಡುಕಿಕೊಂಡು ಇಷ್ಟು ದೂರ ಬಂದವರು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಇನ್ನೂ ತೊದಲುವ ಮಗ. ಹುಡುಗಿ ಬೇಗನೆ ನಮ್ಮ ಮಾತು ಕಲಿತಳು. ಚುರುಕು ಹುಡುಗಿ, ಎಲ್ಲ ಮರೆತಿದ್ದಾಳೆ ಎಂದುಕೊಂಡಿದ್ದೆವು.

ಒಂದು ಸಂಜೆ ಘಟಕದವರು ಉಳಿದ ಬಟ್ಟೆ ಚೂರುಗಳನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ಕಪ್ಪು ಹೊಗೆ ವಠಾರಕ್ಕೆಲ್ಲ ನುಗ್ಗಿತು. ನಾವು ಬೈದುಕೊಂಡು ಬಾಗಿಲು ಮುಚ್ಚಿಕೊಂಡೆವು. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯ ತಾಯಿ ಚೀರಿದಳು. ಮಕ್ಕಳಿಬ್ಬರೂ ಇರಲಿಲ್ಲ.

ಬಸ್ ನಿಲ್ದಾಣ, ರೈಲು ನಿಲ್ದಾಣ ಎಲ್ಲ ಹುಡುಕಿದೆವು. ಕೊನೆಗೆ ಕೋಟೆ ಬೆಟ್ಟದ ಬುಡದಲ್ಲಿ, ಬಂಡೆಯ ಸಂದಿನಲ್ಲಿ ಸಿಕ್ಕರು. ಹುಡುಗಿ ತಮ್ಮನ ಮೂಗಿಗೆ ಒದ್ದೆ ಟವೆಲ್ ಕಟ್ಟಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಹೆದರಿಕೆಗೆ ಅವಳ ಲಂಗವೂ ನೆನೆದಿತ್ತು. ಜೊತೆಗೆ ಬಂದಿದ್ದ ಗಂಡಸರಲ್ಲಿ ಒಬ್ಬ ಅದನ್ನು ನೋಡಿ ನಕ್ಕ. "ಚಿಂದಿ ಸುಟ್ಟಿದ್ದಕ್ಕ ಹಿಂಗ ಓಡ್ತಾರೇನು?" ಅಂದ. ನಾವ್ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿ ವಠಾರದ ಒಂದೊಂದೇ ಬಾಗಿಲಿಗೆ ಹೋಗಿ ನಿಂತಳು. ನನ್ನೆದುರು ತಲೆ ತಗ್ಗಿಸಿ, "ತಪ್ಪಾತ್ರಿ ಅಕ್ಕಾ. ನಿಮಗೆಲ್ಲ ತ್ರಾಸ ಕೊಟ್ಟೆ" ಅಂದಳು.

ಹೊಗೆ ಎಬ್ಬಿಸಿದವರು ಒಬ್ಬರೂ ಅವಳ ಬಾಗಿಲಿಗೆ ಹೋಗಿರಲಿಲ್ಲ. ಆ ಘಟಕದ ಕೂಲಿಯಲ್ಲೇ ಉಣ್ಣುವವಳು ನಾನು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ನಿಂದೇನು ತಪ್ಪವ್ವ? ನಾವೇನು ಮಾಡ್ಬೇಕು, ಅದನ್ನ ಹೇಳು" ಅಂದೆ.

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಹಚ್ಚಬ್ಯಾಡ್ರಿ ಅನ್ನಲ್ಲ. ಹಚ್ಚಾಕಿಂತ ಮೊದ್ಲು ನಂಗ ಹೇಳ್ರಿ. ಯಾರು ಹಚ್ಚಿದ್ರು ಅಂತ ಗೊತ್ತಿದ್ರ ಸಾಕು."

ಇಷ್ಟೇ. ಇಷ್ಟನ್ನೂ ಮಗುವೇ ಕೇಳಬೇಕಾಯಿತಲ್ಲ ಎಂದು ಕುಗ್ಗಿಹೋದೆ. ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಘಟಕದ ಮಾಲೀಕರ ಹತ್ತಿರ ಹೋದೆ. "ಒಂದು ಹುಡುಗೀನ ಕೇಳಿ ನಾನು ಕಸ ಸುಡ್ಬೇಕೇನ್ರಿ?" ಎಂದು ರೇಗಿದರು. ಕೇಳೋದು ಬ್ಯಾಡ, ಮೊದ್ಲು ಹೇಳಿದ್ರ ಸಾಕು ಅಂದ ಮೇಲೆ ಒಪ್ಪಿದರು.

ಮುಂದಿನ ಸಲ ಘಟಕದ ಕಾವಲುಗಾರ ಬಂದು ಹೇಳಿದಾಗ, ಅವಳು ತಮ್ಮನನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ತಾನೇ ಹಿತ್ತಲಿಗೆ ನಡೆದಳು. ಹೊಗೆ ಎದ್ದಾಗ ಅವಳ ಉಗುರು ನನ್ನ ಅಂಗೈಗೆ ನಾಟಿತು. ಆದರೆ ಓಡಲಿಲ್ಲ. ಅಳತೊಡಗಿದ ತಮ್ಮನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು.

"ಏನಂದಿ?" ಎಂದು ಕೇಳಿದೆ.

"ಯಾರ ಮನೀನೂ ಅಲ್ಲ ಅಂದೆ."

ಈಗಲೂ ಒಮ್ಮೊಮ್ಮೆ ಹೇಳದೆಯೇ ಹಚ್ಚಿಬಿಡುತ್ತಾರೆ. ಆಗ ನಾನೇ ಮೆಷಿನ್ ನಿಲ್ಲಿಸಿ, ಓಡಿಹೋಗಿ ಅವಳಿಗೆ ಹೇಳಿ ಬರುತ್ತೇನೆ.