ಅಮ್ಮನಿಗೆ ನರಿ ತೋರಿಸಲು ಹೋದದ್ದು

ನರಿಯ ಮುಖ ಕಾಣದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅಮ್ಮ ಹಠ ಹಿಡಿದಾಗ ನಾನು ಅರಸೀಕೆರೆಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಅವಳ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ತಡ ಮಾಡದೆ ತೆಗೆಸಿಬಿಡಿ ಎಂದು ಹಾಸನದ ಡಾಕ್ಟರು ಹೇಳಿದ್ದರು. ಅಮ್ಮ ಎರಡು ಸಲ ಹೊರಟು, ಎರಡು ಸಲವೂ ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಬಂದಿದ್ದಳು. ಮೂರನೆಯ ಸಲಕ್ಕೆ ಸೋಮವಾರ ನಿಗದಿಯಾಗಿತ್ತು.

ಯಾರಿಗಾದರೂ ಅದೃಷ್ಟ ಒಲಿದರೆ 'ಬೆಳಿಗ್ಗೆ ನರಿ ಮುಖ ನೋಡಿದ್ದೆಯೇನೋ' ಎನ್ನುವುದು ನಮ್ಮ ಕಡೆ ವಾಡಿಕೆ. ಗಂಡಸಿ ಹತ್ತಿರದ ಹಳ್ಳಿಯಲ್ಲಿ ಕುರಿ ಮೇಯಿಸಿ ಬೆಳೆದ ಅಮ್ಮನಿಗೆ ಅದು ಬರೀ ಮಾತಾಗಿರಲಿಲ್ಲ. ಅಪ್ಪ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬೆಕ್ಕು ಅಡ್ಡ ಬಂತೆಂದು ನಿಂತವರಿಗೆ ನಿಂತಲ್ಲೇ ಪಾಠ ಮಾಡುವವರು. ಸುಳ್ಳಂತೂ ಅವರಿಗೆ ಆಗದು. ನೆಂಟರೆದುರು ನನ್ನ ಮಾರ್ಕ್ಸನ್ನು ಒಂದೇ ಒಂದು ಹೆಚ್ಚಿಗೆ ಹೇಳದೆ ನನ್ನ ಮಾನ ಕಳೆದ ಮಹಾನುಭಾವರು. ಆದರೆ ಆ ದಿನ ಅವರು ವಾದಕ್ಕೆ ಇಳಿಯಲಿಲ್ಲ.

"ಭಾನುವಾರ ಗುಡ್ಡ ಹತ್ತೋಣ. ಬುತ್ತಿ ಕಟ್ಟು" ಎಂದರು.

ಬಾಣಾವರದ ಕಡೆಯ ಮೊದಲ ಬಸ್ಸಿನಿಂದ ಇಳಿದಾಗ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ಅಮ್ಮ ಮುಂದೆ, ಏದುಸಿರು ಬಿಡುತ್ತಾ ನಾವಿಬ್ಬರು ಹಿಂದೆ. ತಂಗಡಿ ಗಿಡದ ಬುಡದಿಂದ ಮೊಲವೊಂದು ಚಂಗನೆ ಹಾರಿತು. ಬಂಡೆಯ ಮೇಲೆ ಉಡ ಬಿಸಿಲು ಕಾಯಿಸುತ್ತಿತ್ತು. ನವಿಲುಗಳಂತೂ ದಾರಿಯುದ್ದಕ್ಕೂ ಇದ್ದವು. ಅಮ್ಮ ಯಾವುದಕ್ಕೂ ನಿಲ್ಲಲಿಲ್ಲ.

ನೆತ್ತಿಯ ಹತ್ತಿರ ಅಪ್ಪ ನಮ್ಮಿಬ್ಬರನ್ನೂ ಕೈ ಹಿಡಿದೆಳೆದು ಕೂರಿಸಿದರು. ಎದುರು ಗುಡ್ಡದ ಇಳಿಜಾರಿನಲ್ಲಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಹುತ್ತ ಕೆದಕುತ್ತಿತ್ತು.

"ಕರಡಿ ಕಟ್ಕೊಂಡು ನಂಗೇನಾಗ್ಬೇಕು" ಎಂದು ಅಮ್ಮ ಪಿಸುಗುಟ್ಟಿದಳು. ಆದರೂ ಆ ಮರಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಜಡೆಗೆ ಸಿಕ್ಕಿಕೊಂಡಿದ್ದ ಹುಲ್ಲನ್ನು ಒಂದೊಂದಾಗಿ ತೆಗೆದಳು.

ಮಧ್ಯಾಹ್ನವಾದರೂ ನರಿಯ ಸುಳಿವಿಲ್ಲ. ಅಮ್ಮ ಬುತ್ತಿಯ ಗಂಟು ಬಿಚ್ಚಲೇ ಇಲ್ಲ.

"ನಾಳೆ ನಾ ಬರಾಕಿಲ್ಲ ಕಣ್ರೀ" ಎಂದಳು.

ನನಗೆ ಅಳು ಬಂತು. ಅಪ್ಪ ಎದ್ದು ನಿಂತು ಕನ್ನಡಕ ಒರೆಸಿಕೊಂಡರು. ಆಮೇಲೆ ಕೆಳಗಿನ ಬಯಲಿನತ್ತ ಬೆರಳು ತೋರಿಸಿದರು.

"ಅಗೋ, ಅಲ್ಲಿ ನೋಡೇ. ನರಿ."

ಪೊದೆಯ ಪಕ್ಕ ಕಂದು ಬಣ್ಣದ್ದೇನೋ ಓಡುತ್ತಿತ್ತು. ಬಾಲ ಸುರುಳಿ ಸುತ್ತಿ ಮೇಲೆದ್ದಿತ್ತು. ಅದು ನಾಯಿ ಎಂದು ನನಗೇ ತಿಳಿಯಿತು. ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿಯೇ ನೋಡಿದಳು.

"ಹೂಂ, ನರೀನೇ" ಎಂದು ಕೈ ಮುಗಿದಳು. ಆಮೇಲೆ ಕೂತು ನಮಗೆಲ್ಲ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಂಚಿದಳು.

ಇಳಿಯುವಾಗ ಆ ನರಿ ಬಾಲ ಅಲ್ಲಾಡಿಸುತ್ತಾ ನಮ್ಮೆದುರಿಗೇ ಬಂತು. ಅದರ ಹಿಂದೆ ಆಡುಗಳು, ಆಡುಗಳ ಹಿಂದೆ ಅವುಗಳನ್ನು ಕಾಯುವ ಮುದುಕ. ಅಪ್ಪ ದೂರದ ತೆಂಗಿನ ತೋಟವನ್ನೇ ನೋಡುತ್ತಾ ನಿಂತುಬಿಟ್ಟರು. ಅಮ್ಮ ಕುಕ್ಕರುಗಾಲಿನಲ್ಲಿ ಕೂತು ಮಿಕ್ಕ ರೊಟ್ಟಿಯನ್ನು ಅದಕ್ಕೆ ತಿನ್ನಿಸಿದಳು.

"ಕುರಿ ಕಾದೋಳಿಗೆ ನಾಯಿ ಯಾವ್ದು, ನರಿ ಯಾವ್ದು ಗೊತ್ತಾಗಾಕಿಲ್ವೇನ್ರೀ?"

"ಮತ್ತೆ ಕೈ ಯಾಕೆ ಮುಗಿದೆ?" ಅಪ್ಪನ ದನಿ ಸಣ್ಣಗಾಗಿತ್ತು.

"ಇಪ್ಪತ್ತೆರಡು ವರ್ಸದಲ್ಲಿ ನೀವು ನಂಗೆ ಒಂದು ಸುಳ್ಳು ಹೇಳಿರ್ಲಿಲ್ಲ. ಇವತ್ತು ಹೇಳಿದ್ರಿ. ನಂಗಿಂತ ನಿಮ್ಗೇ ಜಾಸ್ತಿ ಹೆದ್ರಿಕೆ ಆಗೈತೆ. ನಡೀರಿ, ನಾಳೆ ಮೊದಲ್ನೇ ಬಸ್ಸಿಗೇ ಹೋಗಣ."

ಸೋಮವಾರ ಆಸ್ಪತ್ರೆಯ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟವರು ಅಪ್ಪ. ಅಮ್ಮ ಅವರ ತೋಳು ಹಿಡಿದುಕೊಂಡು ಹತ್ತಿಸಿದಳು. ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಹೊತ್ತು ಮೀರಿರಲಿಲ್ಲ.

ಈಗಲೂ ನಮ್ಮ ಬೀದಿಗೆ ಕಂದು ನಾಯಿ ಬಂದರೆ ಅಮ್ಮ ಬಾಗಿಲಲ್ಲಿ ನಿಂತು, "ಬನ್ರೀ, ನಿಮ್ಮ ನರಿ ಬಂದೈತೆ" ಎಂದು ಅಪ್ಪನನ್ನು ಕರೆಯುತ್ತಾಳೆ. ಅಪ್ಪ ಓದುತ್ತಿದ್ದ ಪೇಪರ್ ಬಿಟ್ಟು ಎದ್ದು ಬಂದು ನೋಡುತ್ತಾರೆ.