ಮೂರು ಹೊತ್ತು ಶಾಲೆ ನೋಡಿದ ಮುನಿರತ್ನಮ್ಮ

೨೦೨೨ನೇ ಇಸವಿಯ ಏಪ್ರಿಲ್. ನನಗಾಗ ಐವತ್ತೊಂದು ವರ್ಷ. ಬಂಗಾರಪೇಟೆಯ ಸರಕಾರಿ ಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದೆ. ಒಂದು ಬೆಳಿಗ್ಗೆ ಪ್ರಾರ್ಥನೆಯ ವೇಳೆ ಹೆಂಗಸೊಬ್ಬರು ಕಾಂಪೌಂಡಿನ ಹೊರಗೆ ಹಾಲಿನ ಕ್ಯಾನನ್ನು ಮಗುಚಿ, ಅದರ ಮೇಲೆ ಕುಳಿತಿದ್ದರು. ಮರುದಿನ ಊಟದ ಬಿಡುವಿನ ನಂತರ, ಮೂರನೆಯ ದಿನ ಕೊನೆಯ ಅವಧಿಯಲ್ಲಿ, ಅದೇ ಕ್ಯಾನು, ಅದೇ ಹೆಂಗಸು. ಕಿವಿ ಮಾತ್ರ ನನ್ನ ತರಗತಿಯ ಕಿಟಕಿಯ ಕಡೆಗೆ. ಏನು ಬೇಕೆಂದು ಗದರಿದೆ.

“ಅಸ ಕೊಳ್ಳೋರು ಮೂರ್ ಪೂಟ, ಮೂರೊತ್ತೂ ಆಲು ಕರ್ದು ನೋಡ್ತಾರೆ ಸಾಮಿ. ಬೆಳಿಗ್ಗೆ ಕೊಟ್ಟಿದ್ದು ಸಾಯಂತ್ರ ಒದೀತದೆ. ಇಸ್ಕೂಲ್ನ ಸುಮ್ನೆ ನಂಬಕ್ಕಾಯ್ತದಾ?”

“ಇಸ್ಕೂಲ್ ಅಲ್ಲಮ್ಮ, ಶಾಲೆ.”

“ಅದೇ ಕಣ್ ಸಾಮಿ. ನೀವು ಇಂಗೆ ತಿದ್ತೀರಿ ಅಂತಾನೇ ಬಂದಿದ್ದು.”

ಅವರೇ ಮುನಿರತ್ನಮ್ಮ. ಬೂದಿಕೋಟೆ ಕಡೆಯ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಮೊಮ್ಮಗಳು ಗಂಗಾಳನ್ನು ಸಾಕುತ್ತಿದ್ದರು. ಅಲ್ಲಿಯ ಶಾಲೆ ಐದನೆಯ ತರಗತಿಗೇ ಮುಗಿಯುತ್ತಿತ್ತು. ಒಂದು ದಿನ ಹುಡುಗಿಯನ್ನು ಕರೆತಂದರು. ಅವಳು ಗೋಡೆಯ ಮೇಲಿನ ಜಿಲ್ಲಾ ನಕ್ಷೆಯನ್ನು ನೋಡಿ, “ಬೇತಮಂಗಲದ ಕೆರೆ ಎಲ್ಲಿ ಸಾರ್?” ಎಂದಳು. ನಕ್ಷೆಯಲ್ಲಿ ಆ ಕೆರೆಯೇ ಇರಲಿಲ್ಲ; ಹನ್ನೊಂದು ವರ್ಷ ಅದರಡಿ ಪಾಠ ಹೇಳಿದ ನಾನು ಆ ಲೋಪವನ್ನು ಗಮನಿಸಿರಲಿಲ್ಲ.

ಮುನಿರತ್ನಮ್ಮನ ಪರೀಕ್ಷಾಕ್ರಮ ಇಲಾಖೆಯ ತಪಾಸಣೆಗಿಂತ ಬಿಗಿ. ಬಿಸಿಯೂಟದ ಸಾರು ರುಚಿ ನೋಡುವರು; ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿ ನೋಡುವರು; ಕೊನೆಯ ಗಂಟೆ ಬಾರಿಸಿದಾಗ ಮೊದಲು ಓಡುವವರು ಮಕ್ಕಳೋ ಮೇಷ್ಟ್ರೋ ಎಂದು ಗೇಟಿನಲ್ಲಿ ನಿಂತು ಗಮನಿಸುವರು. ಶಾಲೆ ಗೊತ್ತಾದ ಮೇಲೆಯೇ ಅದರ ಪಕ್ಕದ ಬೀದಿಯಲ್ಲಿ ಮನೆ. ಮೊದಲು ಮನೆ ಮಾಡಿ ಆಮೇಲೆ ಶಾಲೆ ಹುಡುಕುವವರನ್ನು ಕಂಡರೆ, “ತೊಟ್ಟಿ ಕಟ್ಬುಟ್ಟು ಬಾವಿ ತೋಡ್ತಾರೆ” ಎಂದು ನಗುತ್ತಿದ್ದರು.

ಕೊನೆಗೆ ಒಂದು ಪ್ರಶ್ನೆ ಉಳಿಯಿತು.

“ಮುಂದ್ಲೊರ್ಸ ನೀವು ಇಲ್ಲೇ ಇರ್ತೀರಾ? ಇದ್ರೆ ಅಸ ಮಾರ್ಬುಟ್ಟು ಬಂದ್ಬುಡ್ತೀನಿ.”

ಕೋಲಾರಕ್ಕೆ ವರ್ಗಾವಣೆ ಕೋರಿದ ನನ್ನ ಅರ್ಜಿ ಆಗಲೇ ಸಲ್ಲಿಕೆಯಾಗಿತ್ತು. ಆದರೆ ಇಪ್ಪತ್ತೈದು ವರ್ಷದ ನೌಕರಿಯಲ್ಲಿ ನನ್ನ ಪಾಠಕ್ಕಾಗಿ ಯಾರೂ ಊರು ಬಿಟ್ಟು ಬಂದಿರಲಿಲ್ಲ. ಆ ಹೆಮ್ಮೆಯನ್ನು ಕೈಬಿಡಲಾಗಲಿಲ್ಲ.

“ಇರುತ್ತೇನೆ,” ಎಂದೆ.

ಅವರು ಎರಡೂ ಹಸುಗಳನ್ನು ಮಾರಿ ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಹೋಟೆಲಿನಲ್ಲಿ ಪಾತ್ರೆ ತೊಳೆಯಲು ನಿಂತರು. ಗಂಗಾ ನನ್ನ ಮುಂದೆ ಕುಳಿತು ಕಲಿತದ್ದು ನಾಲ್ಕೇ ತಿಂಗಳು. ದಸರಾ ರಜೆ ಮುಗಿದೊಡನೆ ನನ್ನ ಆದೇಶ ಬಂತು. ಬೀಳ್ಕೊಡುಗೆಯ ದಿನ ಮುನಿರತ್ನಮ್ಮ ಕಡಲೆಕಾಯಿ ಉಂಡೆ ಮಾಡಿಕೊಂಡು ಬಂದರು. ಗೊಣಗುತ್ತಿದ್ದ ತಾಯಂದಿರಿಗೆ, “ಸುಮ್ಕಿರ್ರೇ, ಪಾಪ, ಮೇಷ್ಟ್ರಿಗೇ ಗೊತ್ತಿರ್ಲಿಲ್ಲ” ಎಂದು ಅವರೇ ಸಮಾಧಾನ ಹೇಳಿದರು. ನಾನು ಉಂಡೆಯ ಡಬ್ಬಿಯನ್ನು ತೆಗೆದುಕೊಂಡೆ.

ನನ್ನ ಹುದ್ದೆ ಖಾಲಿಯೇ ಉಳಿಯಿತು. ಮುಂದಿನ ಬೇಸಿಗೆಯ ಕೊನೆಗೆ ಅವರು ಕೋಲಾರದ ನನ್ನ ಮನೆಯನ್ನು ಹುಡುಕಿಕೊಂಡು ಬಂದರು.

“ನಂದಿದುರ್ಗದ ಚಿನ್ನದ್ ಗಣಿ ಕೂಲಿಯೋರ ಲೈನ್ ಮನೆಗಳತ್ರ ಒಂದಿಸ್ಕೂಲು ನೋಡಿವ್ನಿ ಸಾಮಿ. ಟೀಚರಮ್ಮ ಬೋ ಚೆಂದಾಗಿ ಏಳ್ಕೊಡ್ತಾಳೆ. ಇರ್ತಾಳೋ ಓಗ್ತಾಳೋ, ನೀವೇ ಬಂದು ಕೇಳಿ. ಮೇಷ್ಟ್ರು ಮೇಷ್ಟ್ರಿಗೆ ಸುಳ್ಳೇಳಲ್ಲ.”

ಅಜ್ಜಿ ಮೊಮ್ಮಗಳ ಜೊತೆ ಹೋದೆ. ಸೆಲ್ವಿ ಟೀಚರಿಗೆ ಮೂವತ್ತು ದಾಟಿರಲಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರ ಮುಖ ನೋಡದೆ ಕೇಳಿದೆ. ಆಕೆ ಒಂದು ಕ್ಷಣವೂ ತಡೆಯಲಿಲ್ಲ.

“ಅಯ್ಯೋ, ನಾನೂ ಟ್ರಾನ್ಸ್‌ಫರ್‌ಗೆ ಹಾಕಿದ್ದೀನಿ ಸಾರ್. ಯಾವಾಗ ಬರುತ್ತೋ ಗೊತ್ತಿಲ್ಲ. ನನ್ನ ನಂಬ್ಕೊಂಡು ಮನೆ ಮಾಡ್ಬೇಡಿಮ್ಮಾ. ಇರೋ ತನಕ ಪಾಠ ಮಾಡ್ತೀನಿ, ಹೋಗೋ ಮುಂಚೆ ಹೇಳ್ತೀನಿ, ಸರಿಯಾ?”

ಹೊರಗೆ ಬಂದು ಮುನಿರತ್ನಮ್ಮ, “ಇಲ್ಲೇ ಸೇರಿಸ್ತೀನಿ” ಎಂದರು.

“ಆಕೆ ಹೋಗುತ್ತೇನೆ ಎಂದರಲ್ಲ!”

“ಏಳಿ ಓಗ್ತಾಳಲ್ಲ ಸಾಮಿ. ನೀವು ಮುಂಚೇನೇ ಅರ್ಜಿ ಆಕಿದ್ರಿ ಅಂತ ಎಡ್‌ಮಾಸ್ಟ್ರು ನಂಗೆ ಆ ಉಂಡೆ ತಂದ ದಿನಾನೇ ಏಳಿದ್ರು. ನಾಕ್ ಜನದ ಮುಂದೆ ನಿಮ್ಮ ಮಾನ ಓಗ್ಬಾರ್ದು ಅಂತ ಅಂಗಂದೆ.”

ಕ್ಷಮೆ ಕೇಳಲು ನಾನು ತಕ್ಕ ಮಾತನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು, “ನಿಮ್ಗೆ ಬಸ್ ಬತ್ತದೆ, ಓಗಿ” ಎಂದು ಗಂಗಾಳ ಕೈ ಹಿಡಿದು ಕಚೇರಿಯೊಳಗೆ ನಡೆದರು. ಆಮೇಲೆ ನಾನವರನ್ನು ನೋಡಿಲ್ಲ. ಗಂಗಾಳ ಹೆಸರು ನಂದಿದುರ್ಗದ ಆ ಶಾಲೆಯ ದಾಖಲಾತಿ ಪುಸ್ತಕವನ್ನು ಸೇರಿದ್ದು ಅಂದೇ: ೨೦೨೩ರ ಜೂನ್ ೫, ಸೋಮವಾರ.