ಎಳ್ಳ ಅಮಾಸಿ ದಿನದ ಉಡಿ

ದೀಪಾವಳಿ ಮುಗೀತಂದ್ರ ಬೈಲಹೊಂಗಲದಾಗ ನನ್ನ ಮೊಣಕಾಲು ನನ್ನ ಮಾತು ಕೇಳೂದಿಲ್ಲ. ನಾ ಎರಡು ಶಾಲು ಹೊತ್ಕೊಂಡು ಕುಂತಿರತೇನಿ, ನಮ್ಮನಿಯವರು ಬನಿಯನ್ ಮ್ಯಾಲೆ ನಿಂತು "ಎಲ್ಲೈತಿ ಥಂಡಿ?" ಅಂತಾರ. ಅವರಿಗೆ ಎಮ್ಮಿ ಬಿಟ್ಟು ಎಲ್ಲೂ ಹೋಗಾಕ ಆಗೂದಿಲ್ಲ. ನನ್ನ ಬಿಟ್ಟು ಇರಾಕ ಆಗತೈತಿ. ಹಿಂಗಾಗಿ ಪ್ರತಿ ವರ್ಷಾ ನಾನೊಬ್ಬಾಕಿನ ರಾಮದುರ್ಗದ ತವರುಮನಿಗೆ ಹೋಗಿ ಶಿವರಾತ್ರಿ ತನಕಾ ಇರತೇನಿ. ಬಸ್ ಸವದತ್ತಿ ದಾಟಿತಂದ್ರ ಒಂದು ಶಾಲು ತಗೀತೇನಿ.

ತವರುಮನಿ ಹಿತ್ತಲದಾಗ ಒಂದು ಕಲ್ಲಿನ ಗ್ವಾಡಿ ಐತಿ. ಹಗಲೆಲ್ಲಾ ಬಿಸಲಿಗೆ ಕಾದು ಸಂಜೀತನಕಾ ಬೆಚ್ಚಗಿರತೈತಿ. ಅದಕ್ಕ ಬೆನ್ನು ಹಚ್ಚಿ ಕುಂತು ಪಲ್ಲೆ ಸೋಸೂದು ನನ್ನ ಚಳಿಗಾಲದ ಉದ್ಯೋಗ. ತಾಯಿ-ತಂದಿ ಹೋದ ಮ್ಯಾಲೆ ಅಲ್ಲಿ ತಮ್ಮ, ತಮ್ಮನ ಹೆಂಡ್ತಿ ಇಬ್ಬರ. ಆಕಿ ಮಾತು ಭಾಳ ಕಡಿಮಿ. ನಾ ಬಂದದ್ದು ಆಕಿಗೆ ಖುಷಿಯೋ ಬ್ಯಾಸರೋ, ಇಷ್ಟು ವರ್ಷಾದ್ರೂ ನನಗ ತಿಳಿದಿದ್ದಿಲ್ಲ. ಕೇಳಾಕ ಧೈರ್ಯಾನೂ ಇರಲಿಲ್ಲ. ಆಕಿ ಬ್ಯಾಡಂದ್ರ ನನಗ ತವರುಮನಿನ ಇಲ್ಲ.

ಹೋದ ಸಲ ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಭೂತಾಯಿಗೆ ಎಡಿ ಅಂತ ಚರಗ ಚೆಲ್ಲಿ ಬಂದ್ವಿ. ಬಾಜೂಮನಿ ಮಗಳು ಮರುದಿನ ಗಂಡನ ಮನಿಗೆ ಹೋಗಾಕಿ, ಹೇಳಿ ಹೋಗಾಕ ಬಂದು ನನ್ನ ಮಗ್ಗಲಕ್ಕ ಕುಂತ್ಲು. ತಮ್ಮನ ಹೆಂಡ್ತಿ ಆಕಿಗೆ ಉಡಿ ತುಂಬಿದ್ಲು. ಆಮ್ಯಾಲೆ ನನ್ನ ಉಡಿಯಾಗೂ ಕಾಯಿ, ಅಕ್ಕಿ, ಕುಬ್ಬಸದ ಅರಿವಿ, ಅರಿಷಿಣ ಕೊಂಬು ಹಾಕಿದ್ಲು. ಅದು ಶಿವರಾತ್ರಿ ಆದ ಮ್ಯಾಲೆ ನಾ ಊರಿಗೆ ಹೊಂಟಾಗ ತುಂಬೂ ಉಡಿ. ಕಳಸೂ ಉಡಿ.

ಹೋಗ್ರಿ ಅಂತ ಬಾಯಿಬಿಟ್ಟು ಹೇಳಾಕ ಆಗದ ಹಿಂಗ ಹೇಳ್ಯಾಳ ಅಂದ್ಕೊಂಡೆ. ಮರುದಿನ ಮುಂಜಾನೆ, "ಎಮ್ಮಿ ಈಯಾಕ ಬಂದೈತಂತ, ಹೋಗಬೇಕವಾ" ಅಂದೆ. ಎಮ್ಮಿ ಗಬ್ಬಾನ ಇರಲಿಲ್ಲ. ಆಕಿ "ಹೌದ್ರಿ?" ಅಂದು ಬುತ್ತಿ ಕಟ್ಟಿದ್ಲು. ಇರ್ರಿ ಅನ್ನಲಿಲ್ಲ. ಸವದತ್ತಿ ತನಕಾ ಅಳಕೋತ ಬಂದೆ. ಆಮ್ಯಾಲೆ ಶಾಲು ಹೊತ್ಕೊಂಡೆ.

ನಮ್ಮನಿಯವರು ನನ್ನ ನೋಡಿ, "ಯಾಕ, ಅಲ್ಲೂ ಥಂಡಿ ಬಿತ್ತೇನು?" ಅಂದ್ರು. ನಾ ಒಳಗ ಹೋಗಿ ಉಡಿ ಬಿಚ್ಚಿದೆ. ಉಡಿಯಾಗ ಬಂದ ಕಾಯಿ ಒಡದು ಅಡಗಿಗೆ ಹಾಕೂದು ಪದ್ಧತಿ. ನಾ ಒಡೀಲಿಲ್ಲ. ದೇವರ ಮುಂದ ಇಟ್ಟೆ, ದೇವರಾದ್ರೂ ಅದನ್ನ ನೋಡ್ಕೊಂಡು ಕುಂದರಲಿ ಅಂತ.

ಸಂಕ್ರಮಣ ಆದ ಮ್ಯಾಲೆ ತಮ್ಮನ ಹೆಂಡ್ತಿದು ಫೋನ್ ಬಂತು. ಆಕಿ ತಾನಾಗಿ ಫೋನ್ ಮಾಡಿದ್ದು ಅದ ಮೊದಲು.

"ಅಕ್ಕಾರ, ಎಮ್ಮಿ ಈದೈತೇನ್ರಿ?"

"ಇಲ್ಲವಾ" ಅಂದೆ. ಇದು ಮಾತ್ರ ಸುಳ್ಳಲ್ಲ.

"ನಮ್ಮಿಂದ ಏನು ತಪ್ಪಾತ್ರಿ? ಹಿತ್ತಲದ ಗ್ವಾಡಿ ಕಡೆ ನೋಡಾಕ ಆಗವಲ್ದು."

"ನೀನ ಉಡಿ ತುಂಬಿ ಕಳಿಸಿದೆಲ್ಲ."

"ಮಗ್ಗಲಕ್ಕ ಇನ್ನೊಬ್ಬ ಮುತ್ತೈದಿ ಕುಂತಿರೂಮುಂದ, ಒಬ್ಬಾಕಿಗೆ ತುಂಬಿ ಒಬ್ಬಾಕಿನ ಹಂಗ ಹೆಂಗ ಬಿಡೂದ್ರಿ?" ಅಂದ್ಲು. ಆಮ್ಯಾಲೆ, "ಕಾಯಿ ಒಡದ್ರೇನು?"

"ಇಲ್ಲ."

"ತಗೊಂಡು ಬರ್ರಿ. ಇಲ್ಲೇ ಒಡಿಯೂಣು."

ಮರುದಿನದ ಬಸ್ಸಿಗೆ ಹೋದೆ. ಕಾಯಾಗಿನ ನೀರು ಆರಿತ್ತು. ಚಟ್ನಿಗೆ ಏನೂ ಕೊರತಿ ಆಗಲಿಲ್ಲ.

ಶಿವರಾತ್ರಿ ಆತು, ಹೊಂಟು ನಿಂತೆ. ತಮ್ಮನ ಹೆಂಡ್ತಿ ಬೊಗಸಿ ತುಂಬ ಅಕ್ಕಿ ಹಿಡಕೊಂಡು ಬಂದ್ಲು. "ಅಕ್ಕಾರ, ಈಗಿನದು ಕಳಸೂದು ನೋಡ್ರಿ" ಅಂದ್ಲು. ನಾ ಸೆರಗು ಒಡ್ಡಿದೆ. ಆಕಿ ಅಕ್ಕಿ ಹಾಕಾಕ ಭಾಳ ಹೊತ್ತು ತಗೊಂಡ್ಲು.